ಸಾವಂತ್ರಮ್ಮನ ಮನೆಯ ಬಿಸಿನೀರು

ಮದುವೆಯಾಗಿ ಈ ಊರಿಗೆ ಬಂದ ಮರುದಿನ ಬೆಳಿಗ್ಗೆ ನಾನು ಬಚ್ಚಲೊಲೆಗೆ ಉರಿ ಹಾಕಿ ಕೂತೆ. ಸೌದೆ ಚೆನ್ನಾಗಿ ಒಣಗಿತ್ತು, ಉರಿ ಹಂಡೆಯ ತಳವನ್ನು ಪೂರಾ ತಬ್ಬಿಕೊಂಡಿತ್ತು. ಎಷ್ಟೋ ಹೊತ್ತಾದ ಮೇಲೆ ಕೈ ಅದ್ದಿ ನೋಡಿದರೆ ನೀರು ಆಗಷ್ಟೇ ಬಾವಿಯಿಂದ ಸೇದಿ ತಂದಂತೆ ತಣ್ಣಗಿತ್ತು. ಬಿ.ಎಸ್ಸಿ. ಓದಿದ ಸೊಸೆಗೆ ನೀರು ಕಾಯಿಸಲೂ ಬರುವುದಿಲ್ಲ ಎಂದುಕೊಳ್ಳುತ್ತಾರಲ್ಲ ಎಂದು ನನಗೆ ಅಳುವೇ ಬಂತು. ಅಷ್ಟರಲ್ಲಿ ನಮ್ಮತ್ತೆ ಬಂದು, ಸಾಕು, ಕೊಳ್ಳಿ ಹಿಂದಕ್ಕೆಳೆ, ಅವರ ನೀರು ಕುದ್ದುಹೋಗುತ್ತದೆ ಎಂದರು. ಯಾರ ನೀರು ಎಂದು ಕೇಳಿದೆ. ಅವರು ನನ್ನ ಕೈ ಹಿಡಿದು ಮಾಳಿಗೆಗೆ ಕರೆದೊಯ್ದು, ಮೂರು ಓಣಿ ಆಚೆ ನೀಲಿ ಸುಣ್ಣ ಬಳಿದ ಒಂದು ಮನೆಯನ್ನು ತೋರಿಸಿದರು. ಅಲ್ಲಿಯ ಮಾಳಿಗೆಯ ತಂತಿಯ ಮೇಲಿಂದ ಹೆಂಗಸೊಬ್ಬಳು ಕೆಂಪು ಟವೆಲ್ ತೆಗೆಯುತ್ತಿದ್ದಳು. ತೆಗೆದು, ನಮ್ಮ ಕಡೆ ತಿರುಗಿ ಕೈ ಎತ್ತಿದಳು. ಅತ್ತೆಯೂ ಕೈ ಎತ್ತಿದರು. ಆಮೇಲೆ ಸ್ವಲ್ಪ ಹೊತ್ತಿಗೆ ನಮ್ಮ ಹಂಡೆಯ ನೀರು ತಾನಾಗಿ ಕಾಯಿತು. ಊರಿನ ಇನ್ನಾವುದೋ ಮೂಲೆಯಲ್ಲಿ ಇನ್ನಾರೋ ಒಲೆ ಹೊತ್ತಿಸಿದ್ದರು.

ಈ ಊರಿನಲ್ಲಿ ಹಾಗೆ. ನಮ್ಮ ಬಚ್ಚಲಿನ ಉರಿ ನಮ್ಮ ನೀರನ್ನು ಕಾಯಿಸುವುದಿಲ್ಲ, ಬೇರೆಯವರ ನೀರನ್ನು ಕಾಯಿಸುತ್ತದೆ. ನಮ್ಮ ನೀರು ಮತ್ತೊಬ್ಬರ ಕೈಯಲ್ಲಿರುತ್ತದೆ. ಯಾವ ಮನೆಯ ಉರಿ ಯಾವ ಮನೆಗೆ ಎಂಬುದು ಪಾಯ ಹಾಕಿದ ದಿನವೇ ತೀರ್ಮಾನವಾಗಿಬಿಡುತ್ತದೆ, ಆಮೇಲೆ ಬದಲಾಗುವುದಿಲ್ಲ. ಅಡುಗೆ ಒಲೆಗೆ ಈ ಗೊಡವೆಯಿಲ್ಲ. ಅನ್ನ, ಸಾರು, ಕಾಫಿ ಎಲ್ಲ ಇಟ್ಟಲ್ಲೇ ಬೇಯುತ್ತವೆ, ಇಟ್ಟಲ್ಲೇ ಸೀಯುತ್ತವೆ. ಆದರೆ ಅಡುಗೆಮನೆಯಲ್ಲಿ ನೀರು ಕಾಯಿಸಿ ಬಚ್ಚಲಿಗೆ ಹೊತ್ತು ತಂದರೆ ಹೊಸ್ತಿಲು ದಾಟುವಷ್ಟರಲ್ಲಿ ಅದು ತಣ್ಣಗಾಗಿರುತ್ತದೆ. ಸ್ನಾನ ಬೇಕಾದವರು ಮಾಳಿಗೆಯ ಮೇಲೆ ಕೆಂಪು ಟವೆಲ್ ಹಾಕುತ್ತಾರೆ, ಆದ ಮೇಲೆ ತೆಗೆಯುತ್ತಾರೆ. ಹೆಣ್ಣು ಕೊಡುವ ಮುಂಚೆ ಇಲ್ಲಿಯವರು ಗಂಡಿನ ಸಂಬಳ ಕೇಳುವುದಿಲ್ಲ, ನಿಮ್ಮ ನೀರು ಯಾರ ಕೈಯಲ್ಲಿದೆ ಎಂದು ಕೇಳುತ್ತಾರೆ. ಜಗಳವಾಡಿ ಮುಖ ನೋಡದವರೂ ನೀರು ಕಾಯಿಸುವುದನ್ನು ಬಿಡುವುದಿಲ್ಲ. ಬಹಳ ಸಿಟ್ಟಿದ್ದರೆ ಉಗುರುಬೆಚ್ಚಗೆ ಮಾಡಿ ಬಿಡುತ್ತಾರೆ, ಅಷ್ಟೇ. ನನ್ನ ನೀರು ಹಾರ್ಮೋನಿಯಂ ರಿಪೇರಿ ಮಾಡುವ ಜಯವಂತಪ್ಪನವರ ಕೈಯಲ್ಲಿದೆ. ನನಗೆ ಮಂಡಿನೋವು ಶುರುವಾದ ವರ್ಷದಿಂದ ನಾನು ಟವೆಲ್ ತೆಗೆದ ಮೇಲೂ ಅವರು ಸ್ವಲ್ಪ ಹೊತ್ತು ಉರಿ ಬಿಟ್ಟಿರುತ್ತಾರೆ. ನಾನು ಕೇಳಿದ್ದಲ್ಲ, ಅವರು ಹೇಳಿದ್ದೂ ಅಲ್ಲ.

ಅತ್ತೆ ತೀರಿಕೊಂಡರು, ಹಂಡೆ ಅಟ್ಟ ಸೇರಿತು, ಗೋಡೆಗೆ ಗ್ಯಾಸ್ ಗೀಸರ್ ಬಂತು. ನೀಲಿ ಮನೆಯಲ್ಲೂ ಅಂದು ಟವೆಲ್ ತೆಗೆದ ಹೆಂಗಸು ಹೋಗಿ, ಅವರ ಸೊಸೆ ಸಾವಂತ್ರಮ್ಮ ಯಜಮಾನಿಯಾದಳು. ಎಷ್ಟೋ ವರ್ಷದಿಂದ ಅವಳ ನೀರು ನಮ್ಮ ಕೈಯಲ್ಲಿದೆ. ಮಾತಿಗಿಂತ ಟವೆಲಿನ ಪರಿಚಯವೇ ಹೆಚ್ಚು. ಅವಳ ಮನೆಗೆ ನೆಂಟರು ಬಂದದ್ದು, ಹಬ್ಬ ಹುಣ್ಣಿಮೆ, ಯಾರಿಗೋ ಜ್ವರ ಬಂದದ್ದು ಎಲ್ಲ ನನಗೆ ಗೊತ್ತಾಗುತ್ತದೆ. ಒಮ್ಮೆ ಎಷ್ಟೋ ದಿನ ತಂತಿಯ ಮೇಲೆ ಟವೆಲ್ ಬೀಳಲೇ ಇಲ್ಲ. ಅದು ಅವಳ ದೊಡ್ಡ ಮಗಳು ಬಾಣಂತನದಲ್ಲಿ ತೀರಿಹೋದ ವರ್ಷ.

ಈ ಚಳಿಗಾಲದಲ್ಲಿ ಸಾವಂತ್ರಮ್ಮ ತಾನೇ ನಮ್ಮ ಮನೆಗೆ ಬಂದಳು. ಎಲೆಅಡಿಕೆ ಮುಂದಿಟ್ಟು, ಕಿರಿಯ ಮಗಳು ಚೈತ್ರಾಳನ್ನು ಬಾಣಂತನಕ್ಕೆ ಕರೆತಂದಿದ್ದೇನೆ, ಗಂಡುಮಗು, ಇನ್ನು ಒಂದಷ್ಟು ದಿನ ಬೆಳಿಗ್ಗೆ ತುಂಬ ಹೊತ್ತು ಟವೆಲ್ ಇರುತ್ತದೆ, ಬೇಸರ ಮಾಡಿಕೊಳ್ಳಬೇಡಿ ಎಂದಳು. ನಾನು ಬೇಸರವೇಕೆ ಎಂದೆ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ವತ್ಸಲಕ್ಕ, ದೊಡ್ಡವಳಿಗೆ ಸನ್ನಿ ಹಿಡಿದದ್ದು ಬಚ್ಚಲಲ್ಲಿ. ನೀರು ಹಾಕ್ತಿದ್ದಾಗ ಗವಾಕ್ಷಿಯಿಂದ ಒಂದು ಗಾಳಿ ಬಂತು. ಆ ಗಾಳಿ ನನ್ನ ಮೈಗೂ ತಾಕಿತ್ತು," ಎಂದಳು. ನೀರಿಗೆ ಒಂದು ದಿನವೂ ತೊಂದರೆ ಮಾಡುವುದಿಲ್ಲ ಎಂದು ಮಾತು ಕೊಟ್ಟೆ.

ಮಾತು ಕೊಟ್ಟ ಮೂರನೆಯ ಬೆಳಿಗ್ಗೆಯೇ ಗೀಸರ್ ಆರಿತು. ಟವೆಲ್ ನೋಡಿ ಹೊತ್ತಿಸಿದೆ, ನೀಲಿ ಉರಿಯ ಸಾಲು ಎದ್ದಿತು, ಸ್ವಲ್ಪ ಹೊತ್ತು ಗುಂಯ್ ಎಂದಿತು, ಟಕ್ ಎಂದು ನಿಂತುಬಿಟ್ಟಿತು. ಮತ್ತೆ ಹೊತ್ತಿಸಿದೆ, ಮತ್ತೆ ಟಕ್. ಮಾಳಿಗೆಗೆ ಹೋಗಿ ನೋಡಿದರೆ ಟವೆಲ್ ತಂತಿಯ ಮೇಲೆ ಹಾಗೇ ಇತ್ತು. ಅಲ್ಲಿ ಒಬ್ಬ ಹುಡುಗಿ ಅರ್ಧ ನೆನೆದು ಕೂತಿರುತ್ತಾಳೆ ಎಂದುಕೊಂಡು ಕೂಡಲೇ ಕೆಳಗಿಳಿದೆ. ಇಡೀ ಬೆಳಿಗ್ಗೆ ನಾನು ಗೀಸರಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂತು, ಆರಿದಾಗಲೆಲ್ಲ ಹೊತ್ತಿಸಿದೆ. ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತಿ, ಅದಕ್ಕೂ ನಿನ್ನ ಹಾಗೆ ವಯಸ್ಸಾಯಿತು ಎಂದರು. ಅವರಿಗಾದ ವಯಸ್ಸಿನ ಲೆಕ್ಕ ಅವರು ಇಟ್ಟಂತಿರಲಿಲ್ಲ.

ಹೀಗೇ ಎರಡು ಮೂರು ದಿನ ಕಳೆದ ಮೇಲೆ ರಿಪೇರಿಗೆ ಚಮನ್‌ಸಾಬ್ ಬಂದ. ಊರಿನ ಗೀಸರುಗಳೆಲ್ಲ ಅವನ ಕೈಯಲ್ಲೇ ಬೆಳೆದವು. ಒಳ್ಳೆಯ ಕೆಲಸಗಾರ, ಅದಕ್ಕಿಂತ ಒಳ್ಳೆಯ ಮಾತುಗಾರ. ಮುಚ್ಚಳ ಬಿಚ್ಚಿ, ಮೊದಲು ಬ್ಯಾಟರಿ ಬದಲಾಯಿಸಿದ. ಉರಿ ಎದ್ದಿತು, ನಿಂತಿತು. ಬರ್ನರಿನ ತೂತುಗಳನ್ನು ಬ್ರಷ್ಷಿನಿಂದ ಉಜ್ಜಿದ. ಉರಿ ತಾಗುತ್ತಲೇ ಗ್ಯಾಸನ್ನು ಬಿಟ್ಟುಕೊಡುವ ಸಣ್ಣ ಕಡ್ಡಿಗೆ ಮಸಿ ಹಿಡಿದಿದ್ದರೆ ಹೀಗಾಗುತ್ತದೆ ಎಂದು ಅದನ್ನು ಎಮರಿ ಪೇಪರಿನಲ್ಲಿ ತಿಕ್ಕಿ ಬೆಳ್ಳಗೆ ಮಾಡಿದ. ಸಡಿಲವಾದ ವೈರುಗಳನ್ನು ಬಿಗಿದ. ನೀರು ಅತಿಯಾಗಿ ಕಾದರೆ ಆರಿಸುವ ಗುಂಡಿಯನ್ನು ತೆಗೆದು ಹೊಸದು ಹಾಕಿದ. ಪ್ರತಿ ಸಲವೂ ಉರಿ ನಾವು ನಂಬುವಷ್ಟು ಹೊತ್ತು ಉರಿದು, ಟಕ್ ಎನ್ನುತ್ತಿತ್ತು.

"ಅಕ್ಕೋರೆ, ಇದು ನಮ್ಮ ಮಾವನ ಹಂಗೆ ಆಡ್ತೈತೆ," ಎಂದ ಚಮನ್‌ಸಾಬ್. "ಎಲ್ಲಾ ಸರಿ ಐತೆ, ಯಾಕೋ ಮುನಿಸ್ಕೊಂಡೈತೆ."

ಇನ್ನು ಉಳಿದದ್ದು ಒಂದೇ, ಗಾಳಿ ಕಡಿಮೆಯಾದರೆ ಆರಿಸುವ ಸೆನ್ಸರ್. ಉರಿಗೆ ಸರಿಯಾದ ಗಾಳಿ ಸಿಗದಿದ್ದರೆ ಅದು ವಿಷ ಕಾರುತ್ತದೆ, ಅದಕ್ಕೇ ಈ ಕಾವಲು ಎಂದು ಅವನು ವಿವರಿಸಿದ. ಆದರೆ ನಮ್ಮ ಬಚ್ಚಲಿನಲ್ಲಿ ಗಾಳಿಗೇನು ಬರ? ಕಿಟಕಿ ಬಾಯಿ ತೆರೆದಿತ್ತು, ಬೆಳಗಿನ ಗಾಳಿಗೆ ಗೋಡೆಯ ಕ್ಯಾಲೆಂಡರ್ ಪಟಪಟ ಬಡಿಯುತ್ತಿತ್ತು. ಹಾಗಾದರೆ ಸೆನ್ಸರೇ ಸತ್ತಿರಬೇಕು ಎಂದು ಅವನು ತೀರ್ಮಾನಿಸಿದ. ಹೊಸದು ಪಟ್ಟಣದಿಂದ ಬರಬೇಕು, ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಅದರ ಎರಡು ವೈರುಗಳನ್ನು ಒಂದಕ್ಕೊಂದು ಸೇರಿಸಿಬಿಟ್ಟರೆ ಉರಿ ನಿಲ್ಲುವುದಿಲ್ಲ, ಬಾಣಂತಿಗೆ ನೀರು ತಪ್ಪುವುದಿಲ್ಲ ಎಂದ. ಆ ಹೊತ್ತಿಗೆ ಸರಿಯಾಗಿ ಸಾವಂತ್ರಮ್ಮ ಫೋನ್ ಮಾಡಿದಳು. ಇವತ್ತಾದರೂ ನೀರು ನಿಲ್ಲದ ಹಾಗೆ ನೋಡಿಕೊಳ್ಳಿ, ಮಗಳಿಗೆ ಬಚ್ಚಲಿಗೆ ಹೋದರೆ ತಲೆ ತಿರುಗುತ್ತದೆ, ನಿತ್ರಾಣವಾಗಿದ್ದಾಳೆ, ಮೈ ಕಾಸಿಕೊಂಡರೆ ಸರಿಹೋದಾಳು ಎಂದಳು. ನಾನು ಚಮನ್‌ಸಾಬ್‌ಗೆ ಹೂಂ ಎಂದೆ. ಅವನು ವೈರು ಸೇರಿಸಿದ.

ಉರಿ ಎದ್ದಿತು. ನಿಲ್ಲಲಿಲ್ಲ. ಚಮನ್‌ಸಾಬ್ ಕೈ ತೊಳೆದು, ಪಡಸಾಲೆಯಲ್ಲಿ ನಮ್ಮ ಮನೆಯವರ ಎದುರು ಕಾಫಿಗೆ ಕೂತ. ನಾನು ಸ್ಟೂಲಿನ ಮೇಲೇ ಉಳಿದೆ. ಅಷ್ಟು ದಿನ ಅದರೊಂದಿಗೆ ಗುದ್ದಾಡಿದ ಮೇಲೆ ಅದು ಸುಮ್ಮನೆ ಉರಿಯುವುದನ್ನು ನೋಡುತ್ತ ಕೂರುವುದು ಹಿತವಾಗಿತ್ತು. ಕಣ್ಣು ಮಂಪರುಗಟ್ಟಿತು. ಆ ಮಂಪರಿನಲ್ಲಿ ಉರಿಯ ಸಾಲು ಸಾವಂತಿಗೆ ಹೂವಿನ ದಂಡೆಯ ಹಾಗೆ ಕಂಡಿತು, ಹಳದಿಯಾಗಿ, ತುದಿ ನಡುಗುತ್ತ. ಎಷ್ಟು ಚೆನ್ನಾಗಿದೆ ಎಂದುಕೊಂಡೆ. ಆಮೇಲೆ, ಮೊದಲು ಇದು ನೀಲಿ ಇತ್ತಲ್ಲ ಎಂದು ಹೊಳೆಯಿತು.

ನಮ್ಮತ್ತೆಯ ಕಾಲದ ಒಂದು ಬೆಳಿಗ್ಗೆ ಕಣ್ಣ ಮುಂದೆ ಬಂತು. ಮಳೆಗೆ ನೆನೆದ ಸೌದೆಯನ್ನು ನಾನು ಒಲೆಗೆ ತುಂಬಿದ್ದೆ. ನಮ್ಮ ಬಚ್ಚಲಿನಲ್ಲಿ ಹೊಗೆಯೆಂಬುದೇ ಇರಲಿಲ್ಲ. ಸ್ವಲ್ಪ ಹೊತ್ತಿಗೆ ನೀಲಿ ಮನೆಯ ಹಿರಿಯ ಹೆಂಗಸು, ಟವೆಲ್ ಸುತ್ತಿದ ತಲೆಯಲ್ಲೇ, ಕೆಂಡದಂಥ ಕಣ್ಣು ಒರೆಸಿಕೊಳ್ಳುತ್ತ ನಮ್ಮ ಬಾಗಿಲಿಗೆ ಬಂದು, ನಿನ್ನ ಸೊಸೆ ನನ್ನನ್ನು ಹೊಗೆಗಿಟ್ಟ ಕರಿಮೀನು ಮಾಡುತ್ತಿದ್ದಾಳೆ ಎಂದು ಅತ್ತೆಗೆ ದೂರಿದ್ದರು. ಆಗಿನವರಿಗೆ ಅದು ಗೊತ್ತಿತ್ತು: ಬಿಸಿ ಮಾತ್ರ ಅಲ್ಲ, ಹೊಗೆಯೂ ಅಲ್ಲಿಯೇ ಏಳುತ್ತದೆ. ಉರಿ ನಮ್ಮ ಮನೆಯಲ್ಲಿದ್ದರೂ ಅದು ಉಸಿರಾಡುವುದು ಅವರ ಮನೆಯ ಗಾಳಿಯನ್ನು. ಗ್ಯಾಸ್ ಬಂದ ಮೇಲೆ ಕಣ್ಣಿಗೆ ಕಾಣುವ ಹೊಗೆ ಇಲ್ಲವಾಯಿತು. ಕಣ್ಣು ಕೆಂಪು ಮಾಡಿಕೊಂಡು ಯಾರೂ ಯಾರ ಬಾಗಿಲಿಗೂ ಬರಲಿಲ್ಲ. ಊರಿಗೆ ಊರೇ ಅದನ್ನು ಮರೆತಿತ್ತು. ಸೆನ್ಸರ್ ಸತ್ತಿರಲಿಲ್ಲ. ಮೂರು ಓಣಿ ಆಚೆಯ ಬಚ್ಚಲಿನಲ್ಲಿ ಗಾಳಿಯಿಲ್ಲ ಎಂದು ಅದು ಇಲ್ಲಿಂದ ಹೇಳುತ್ತಲೇ ಇತ್ತು. ಅದರ ಬಾಯಿಯನ್ನು ನಾವು ಈಗ ತಾನೇ ಕಟ್ಟಿದ್ದೆವು.

ಗೀಸರ್ ಆರಿಸಿದೆ. ಸಾವಂತ್ರಮ್ಮನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ನಾನು ಪಡಸಾಲೆಗೆ ಬಂದು ಹೇಳಿದ್ದು ಅರ್ಧ ವಾಕ್ಯವಿರಬೇಕು. ಚಮನ್‌ಸಾಬ್‌ಗೆ ಅಷ್ಟೇ ಸಾಕಾಯಿತು. ಕಾಫಿ ಲೋಟ ಕೆಳಗಿಟ್ಟು ಎದ್ದ. ನನ್ನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹೊರಟ. ನಾನು ಅವನ ಸಾಮಾನಿನ ಚೀಲವನ್ನು ಮಗುವಿನಂತೆ ತಬ್ಬಿಕೊಂಡಿದ್ದೆ. ಓಣಿಯ ಎರಡೂ ಕಡೆ ಮಾಳಿಗೆಗಳ ಮೇಲೆ ಕೆಂಪು ಟವೆಲುಗಳು ಗಾಳಿಗೆ ತೂಗುತ್ತಿದ್ದವು. ಬಚ್ಚಲುಗಳಿಂದ ಏಳುವ ಬೆಳಗಿನ ಹಬೆ ಬೀದಿಯಲ್ಲಿ ಮೊಣಕಾಲೆತ್ತರಕ್ಕೆ ನಿಂತಿತ್ತು. ಅದರೊಳಗೆ ಮೊಪೆಡ್ ಓಡುತ್ತಿದೆಯೋ ತೇಲುತ್ತಿದೆಯೋ ತಿಳಿಯದು. ಎಷ್ಟು ಹೋದರೂ ನೀಲಿ ಮನೆ ಹತ್ತಿರವಾಗುತ್ತಿಲ್ಲ ಅನ್ನಿಸಿತು.

ನಾವು ಒಳಗೆ ಹೋದಾಗ ಸಾವಂತ್ರಮ್ಮ ಸಾಂಬ್ರಾಣಿಗೆ ಕೆಂಡ ತರಲು ಅಡುಗೆಮನೆಗೆ ಬಂದಿದ್ದಳು. ಮಗು ನಡುಮನೆಯ ತೊಟ್ಟಿಲಿನಲ್ಲಿ ಮಲಗಿತ್ತು. ಗಾಳಿ ನುಗ್ಗೀತೆಂದು ಬಚ್ಚಲಿನ ಬಾಗಿಲನ್ನು ಎಳೆದುಕೊಂಡು ಬಂದಿದ್ದಳು. ನಾನು ಏನನ್ನೂ ಹೇಳದೆ ಹೋಗಿ ಬಾಗಿಲು ತೆರೆದೆ. ಬಿಸಿ ಮುಖಕ್ಕೆ ಹೊಡೆಯಿತು. ಮೇಲೆ ಗವಾಕ್ಷಿಗೆ ಹಳೆಯ ಸೀರೆಗಳನ್ನು ಬೆಳಕೂ ತೂರದಂತೆ ಗಿಡಿದಿದ್ದರು, ಬಾಗಿಲಿನ ಸಂದಿಗೂ ಬಟ್ಟೆ ತುರುಕಿದ್ದರು. ಚೈತ್ರಾ ಬಚ್ಚಲು ಕಲ್ಲಿನ ಮೇಲೆ ಕೂತು ಗೋಡೆಗೆ ತಲೆಯಾನಿಸಿದ್ದಳು. ಕಣ್ಣು ಅರೆತೆರೆದಿತ್ತು. ನನ್ನನ್ನು ನೋಡಿ ಚಂದದ ಕನಸಿನಿಂದ ಯಾರೋ ಕರೆದಂತೆ ಮುಗುಳ್ನಕ್ಕಳು, ಏಳಲಿಲ್ಲ.

ಒದ್ದೆ ಮೈಗೆ ಸೀರೆ ಸುತ್ತಿ, ನಾನೂ ಸಾವಂತ್ರಮ್ಮನೂ ಅವಳನ್ನು ಎತ್ತಿ ಹಿತ್ತಲಿಗೆ ತಂದೆವು. ಬಯಲ ಗಾಳಿಗೆ ತರುತ್ತಿದ್ದೀರಲ್ಲ ಎಂದು ಸಾವಂತ್ರಮ್ಮ ಒಂದು ಕೈಯಲ್ಲಿ ಎತ್ತುತ್ತ ಇನ್ನೊಂದು ಕೈಯಲ್ಲಿ ನನ್ನನ್ನು ತಡೆಯುತ್ತ ಅಳುತ್ತಿದ್ದಳು. ಹುಡುಗಿ ಒಮ್ಮೆ ವಾಂತಿ ಮಾಡಿಕೊಂಡು, ನೀಳವಾಗಿ ಉಸಿರೆಳೆದುಕೊಂಡಳು. ಚಮನ್‌ಸಾಬ್ ಆಟೋ ತಂದ. ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಹಾಕಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಡಾಕ್ಟರು ಶುರುಮಾಡಿದ ಮಾತನ್ನು ಸಾವಂತ್ರಮ್ಮನ ಮುಖ ನೋಡಿ ಅಲ್ಲಿಗೇ ಬಿಟ್ಟರು. ಸಂಜೆಗೆ ತಾಯಿ ಮಗಳು ಮನೆಗೆ ಬಂದರು. ಚಮನ್‌ಸಾಬ್ ನಮ್ಮಲ್ಲಿಗೆ ಹೋಗಿ, ಸೇರಿಸಿದ ವೈರನ್ನು ಬಿಡಿಸಿ, ಸೆನ್ಸರನ್ನು ಮೊದಲಿದ್ದಂತೆ ಕೂರಿಸಿ ಬಂದು, ನೀಲಿ ಮನೆಯ ಜಗಲಿಯ ತುದಿಯಲ್ಲಿ ಕುಳಿತಿದ್ದ. ಸಾವಂತ್ರಮ್ಮ ಒಳಗಿನಿಂದ ಚಹಾ ತಂದು ಅವನ ಕೈಗಿಟ್ಟಳು. ಅವನು ಲೋಟ ಗಟ್ಟಿಯಾಗಿ ಹಿಡಿಯುವವರೆಗೂ ತಾನೂ ಹಿಡಿದೇ ಇದ್ದಳು.

ಮರುದಿನ ಟವೆಲ್ ಬೀಳಲಿಲ್ಲ. ಅದರ ಮರುದಿನವೂ ಇಲ್ಲ. ನಾನು ಹೋದೆ. ಗವಾಕ್ಷಿಯಲ್ಲಿ ಸೀರೆಗಳು ಹಾಗೇ ಇದ್ದವು. ಚೈತ್ರಾ ಜಿಡ್ಡುಗಟ್ಟಿದ ತಲೆಯಲ್ಲಿ ಮಗುವಿಗೆ ಹಾಲೂಡುತ್ತಿದ್ದಳು. ಸ್ನಾನವಿಲ್ಲದೆ ಮೈಯೆಲ್ಲ ನೋವು ಎಂದಳು. ಸಾವಂತ್ರಮ್ಮ ನನ್ನ ಮಾತನ್ನು ಪೂರ್ತಿ ಕೇಳಿದಳು. ನಮ್ಮ ಉರಿ ನಿಮ್ಮ ಗಾಳಿ ಕುಡಿಯುತ್ತದೆ, ಗವಾಕ್ಷಿ ತೆರೆದಿದ್ದರೆ ಉರಿ ಆರುವುದಿಲ್ಲ, ಮುಚ್ಚಿದ್ದರೆ ಬಿಸಿನೀರೇ ವಿಷ ಎಂದು ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿದಳು. ಆದರೆ ಸ್ಟೂಲಿನ ಮೇಲೆ ಹತ್ತಿ ಸೀರೆ ತೆಗೆಯಲು ಹೋದ ಕೈ ಅಲ್ಲಿಯೇ ನಿಂತಿತು.

"ನೀವು ಹೇಳೋದು ತಲೆಗೆ ಹೋಗ್ತೈತೆ ಅಕ್ಕ, ಎದೆಗೆ ಇಳೀತಿಲ್ಲ," ಎಂದಳು. "ಮುಚ್ಚಿದ್ರೆ ಇವಳು ಹೋಗ್ತಾಳೆ. ತೆಗೆದಾಗ ಆ ಮಗಳು ಹೋದಳಲ್ಲ. ನಾನು ಯಾವುದನ್ನ ನಂಬಲಿ?"

ಕಾಲೇಜಿನಲ್ಲಿ ನಾನು ಓದಿದ ರಸಾಯನಶಾಸ್ತ್ರದಲ್ಲಿ ಇದಕ್ಕೆ ಉತ್ತರವಿತ್ತು. ಸನ್ನಿ ಗಾಳಿಯಿಂದ ಬರುವುದಿಲ್ಲ ಎಂದು ಹೇಳಿಬಿಡಬಹುದಿತ್ತು. ಆದರೆ ಆ ಗಾಳಿ ಅವಳ ಮೈಗೂ ತಾಕಿತ್ತು. ಅದನ್ನು ಸುಳ್ಳು ಎನ್ನಲು ನನಗೆ ಬಾಯಿ ಬರಲಿಲ್ಲ. ಹಿತ್ತಲಿಗೆ ಹೋಗಿ ಗವಾಕ್ಷಿಯ ಹೊರಗೆ ನಿಂತು ನೋಡಿದೆ. ಗಾಳಿ ಬೇವಿನ ಮರದ ಕಡೆಯಿಂದ ನೇರ ಗೋಡೆಗೆ ಬೀಸುತ್ತಿತ್ತು. ಹಿತ್ತಲಿನ ನೆಲ ಎತ್ತರ, ಹೊರಗಿನಿಂದ ಗವಾಕ್ಷಿ ನನ್ನ ಹಣೆಯ ಎತ್ತರಕ್ಕಿತ್ತು. ನಾನು ಅದಕ್ಕೆ ಬೆನ್ನುಮಾಡಿ ನಿಂತರೆ ಗಾಳಿ ನನಗೆ ಬಡಿದು ಎರಡು ಕಡೆ ಸೀಳಿಹೋಗುತ್ತಿತ್ತು. ಒಳಗೆ ಬಂದು, ಮನೆಯಲ್ಲಿ ದೊಡ್ಡ ಕಂಬಳಿ ಇದೆಯೇ ಎಂದು ಕೇಳಿದೆ. ಗವಾಕ್ಷಿಗೆ ತುರುಕುವುದು ಬೇಡ, ಹೊರಗೆ ಒಂದು ಮೊಳ ದೂರದಲ್ಲಿ ಅಡ್ಡ ಹಿಡಿದು ನಿಲ್ಲೋಣ. ಬೀಸುವ ಗಾಳಿ ಕಂಬಳಿಗೆ ಬಡಿಯುತ್ತದೆ, ನಿಂತ ಗಾಳಿ ಒಳಗೂ ಹೊರಗೂ ಓಡಾಡುತ್ತದೆ ಎಂದೆ. ಮಳೆ ಬಂದಾಗ ಅಂಗಡಿಗೆ ಪರದೆ ಕಟ್ಟಿದ ಹಾಗೆ ಕಟ್ಟಿಬಿಡಬಹುದಲ್ಲ ಎಂದು ಚೈತ್ರಾ ಕೇಳಿದಳು. ಸಾವಂತ್ರಮ್ಮ ಅದಕ್ಕೆ ಒಪ್ಪಲಿಲ್ಲ.

"ಕಟ್ಟಿದ್ದು ಬಿಚ್ಚಿಕೊಂಡರೆ ನನಗೆ ಗೊತ್ತಾಗಲ್ಲ," ಎಂದಳು. "ನಾನೇ ಹಿಡೀತೀನಿ. ಗಾಳಿ ಬಂದರೆ ಮೊದಲು ನನ್ನ ಬೆನ್ನಿಗೆ ಬರಲಿ."

ಹಾಗೆ ಆ ಶುಕ್ರವಾರ ಬೆಳಿಗ್ಗೆ ನಾವು ಹಿತ್ತಲಿನಲ್ಲಿ ನಿಂತೆವು. ಕಂಬಳಿಯ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ನಮ್ಮಿಬ್ಬರ ಬೆನ್ನು ಗಾಳಿಗೆ, ಮುಖ ಗವಾಕ್ಷಿಗೆ. ಒಳಗೆ ನೀರು ಹಾಕಲು ಬಂದಿದ್ದ ಸಾವಂತ್ರಮ್ಮನ ನಾದಿನಿ ಗವಾಕ್ಷಿಯ ಸೀರೆಗಳನ್ನು ತೆಗೆದಿದ್ದಳು. ಇವತ್ತು ಮಗುವಿಗೂ ಅಲ್ಲೇ ಸ್ನಾನ. ನಮ್ಮ ಮನೆಯಲ್ಲಿ ಉರಿ ಹೊತ್ತಿಸುವ ಕೆಲಸ ನಮ್ಮ ಮನೆಯವರಿಗೆ ಬಿದ್ದಿತ್ತು. ಗೋಡೆಗೆ ಬಂದಾಗಿನಿಂದ ಅವರು ಆ ಗೀಸರಿನ ಕಿವಿ ತಿರುಗಿಸಿದವರಲ್ಲ. ಟವೆಲ್ ಬಿದ್ದ ಮೇಲೆ ಬಹಳ ಹೊತ್ತು ಏನೂ ಆಗಲಿಲ್ಲ. ಕನ್ನಡಕ ಹುಡುಕುತ್ತಿರಬೇಕು ಎಂದು ನಾನು ಪಿಸುಗುಟ್ಟಿದೆ. ಸಾವಂತ್ರಮ್ಮ ನಗಲಿಲ್ಲ. ಅವಳು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಕಂಬಳಿಯ ಎಳೆಯುದ್ದಕ್ಕೂ ಅವಳ ನಡುಕ ನನ್ನ ಬೆರಳಿಗೆ ಬರುತ್ತಿತ್ತು.

ಆಮೇಲೆ ಒಳಗೆ ನಲ್ಲಿಯ ಸದ್ದು ಬದಲಾಯಿತು. ನಾದಿನಿ, ಕಾದಿದೆ ಎಂದಳು. ಮೊದಲ ತಂಬಿಗೆಯ ನೀರು ಬಿದ್ದಿತು, ಚೈತ್ರಾ ಹಾಯಾಗಿ ನಿಡುಸುಯ್ದದ್ದು ನಮಗೆ ಕೇಳಿಸಿತು. ಸಾವಂತ್ರಮ್ಮ, ಎತ್ತರಕ್ಕೆ ಹಿಡೀರಿ ಅಕ್ಕ, ಇನ್ನೂ ಎತ್ತರಕ್ಕೆ ಎಂದಳು. ನಾನು ಹಿಮ್ಮಡಿ ಎತ್ತಿ ಹಿಡಿದೆ. ಗಾಳಿ ಬಂತು. ಬೇವಿನ ಎಲೆಗಳು ನಮ್ಮ ಬೆನ್ನಿಗೆ ಬಡಿದವು, ಕಂಬಳಿ ಹೊಟ್ಟೆಯುಬ್ಬಿಸಿ ಗೋಡೆಯತ್ತ ಬಾಗಿತು. ಅವಳು ಕಣ್ಣು ಮುಚ್ಚಿ ಇಡೀ ಮೈಯನ್ನು ಅದಕ್ಕೆ ಅಡ್ಡ ಒಡ್ಡಿದಳು. ತಂಬಿಗೆ ತಂಬಿಗೆ ನೀರು ಬೀಳುತ್ತಲೇ ಇತ್ತು. ಒಮ್ಮೆಯೂ ತಣ್ಣಗಾಗಲಿಲ್ಲ, ಒಮ್ಮೆಯೂ ನಿಲ್ಲಲಿಲ್ಲ. ಗವಾಕ್ಷಿಯಿಂದ ಹಬೆ ಹೊರಗೆ ಬಂತು. ಸೀಗೆಕಾಯಿ, ಅರಿಶಿನ, ಹರಳೆಣ್ಣೆಯ ವಾಸನೆ ಹೊತ್ತು ಬಂದು ನಮ್ಮಿಬ್ಬರ ನಡುವೆ ಬೆಳ್ಳಗೆ ನಿಂತಿತು. ಅವಳ ಮುಖ ನನಗೆ ಕಾಣಿಸಲಿಲ್ಲ.

ಅಮ್ಮಾ, ತಲೆ ತಿರುಗುತ್ತಿಲ್ಲ ಎಂದು ಚೈತ್ರಾ ಒಳಗಿನಿಂದ ಹೇಳಿದಳು. ಆಮೇಲೆ ಮಗುವನ್ನು ಕಾಲ ಮೇಲೆ ಹಾಕಿಕೊಂಡಿರಬೇಕು. ನೀರು ತಾಗಿದ್ದೇ ಅದು ಕಿರುಚಿತು. ಊರೆಲ್ಲ ತನಗೆ ಅನ್ಯಾಯ ಮಾಡಿದೆ ಎನ್ನುವ ಹಾಗೆ, ಎದೆಯ ತುಂಬ ಗಾಳಿ ಎಳೆದುಕೊಂಡು, ಮತ್ತೆ ಎಳೆದುಕೊಂಡು ಅತ್ತಿತು. ನಾವಿಬ್ಬರೂ ಆ ಅಳುವನ್ನು ಕೇಳುತ್ತ ನಿಂತೆವು. ಸ್ವಲ್ಪ ಹೊತ್ತಿಗೆ ನನ್ನ ಬೆರಳಿಗೆ ಬರುತ್ತಿದ್ದ ನಡುಕ ನಿಂತಿತ್ತು. ಹಬೆಯ ಆಚೆ ಸಾವಂತ್ರಮ್ಮ ತನ್ನ ಕಡೆಯ ಕಂಬಳಿಯನ್ನು, ನಾನು ಏನೂ ಹೇಳದೆಯೇ, ಒಂದು ಗೇಣು ಕೆಳಗಿಳಿಸಿದಳು.